ಕಳೆಯುವ ಲೆಕ್ಕದ ಹೆಲಿಕಾಪ್ಟರ್: ಚೀತಾ ಮಾದರಿ ಕಿಟ್‌ನ ವಿಮರ್ಶೆ

ಮೂರು ತಿಂಗಳ ಹಿಂದೆ ಕೊರಿಯರ್‌ನಲ್ಲಿ ಬಂದ ರಟ್ಟಿನ ಪೆಟ್ಟಿಗೆಯೊಂದರ ಕುರಿತು ಈ ಬರಹ. ಪೆಟ್ಟಿಗೆಯೊಳಗಿರುವುದು ಭಾರತೀಯ ವಾಯುಸೇನೆಯ ಚೀತಾ ಹೆಲಿಕಾಪ್ಟರಿನ 1:48 ಅಳತೆಯ ಮಾದರಿಯನ್ನು ಜೋಡಿಸಲು ಬೇಕಾದ ಬಿಡಿಭಾಗಗಳು, ಲೇಹ್‌ನ 114ನೇ ಹೆಲಿಕಾಪ್ಟರ್ ಯೂನಿಟ್ಟಿನ ಹೆಸರು ಮತ್ತು ಗುರುತುಗಳಿರುವ ಒಂದು ಡೆಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಮಾದರಿಯ ಮೇಲೆ ಅಂಟಿಸುವ ಮುದ್ರಿತ ಚಿತ್ರಗಳು), ಜೋಡಣೆಯ ಸೂಚನಾಪತ್ರ, ಹಾಗೂ ಆ ಯೂನಿಟ್ಟಿನ ಇತಿಹಾಸವನ್ನು ಹೇಳುವ ಹನ್ನೆರಡು ಪುಟಗಳ ಪುಸ್ತಿಕೆ. ಬೆಲೆ 3,850 ರೂಪಾಯಿ, ಸಾಗಣೆಯ ಖರ್ಚು ಬೇರೆ. ತಯಾರಕರು ಮೂರು-ನಾಲ್ಕು ಜನ ಸೇರಿ ಮನೆಯ ಮಹಡಿಯ ಮೇಲೆ ನಡೆಸುವ ಸಣ್ಣ ಉದ್ಯಮದವರು. ಮುಂದೆ ಕೆಲವು ಕೊರತೆಗಳನ್ನು ಹೇಳಬೇಕಾಗಿರುವುದರಿಂದ ಅವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಹವ್ಯಾಸದಲ್ಲಿರುವವರಿಗೆ ಅದು ಯಾರೆಂದು ಊಹಿಸುವುದು ಕಷ್ಟವಾಗಲಾರದು, ಉಳಿದವರಿಗೆ ಹೆಸರಿನಿಂದ ಪ್ರಯೋಜನವೂ ಇಲ್ಲ.

ಮಾದರಿ ತಯಾರಿಕೆಯಲ್ಲಿ ಮೊದಲು ನೋಡುವುದು ಅಳತೆ. ಚೀತಾದ ಒಡಲಿನ ಉದ್ದ 10.26 ಮೀಟರ್, ಮೇಲೆ ತಿರುಗುವ ರೆಕ್ಕೆಗಳ, ಅಂದರೆ ರೋಟರಿನ, ವ್ಯಾಸ 11.02 ಮೀಟರ್. ನಲವತ್ತೆಂಟರಿಂದ ಭಾಗಿಸಿದರೆ ಒಡಲು 21.4 ಸೆಂಟಿಮೀಟರ್, ರೋಟರ್ 23 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ಸ್ಟೀಲ್ ಸ್ಕೇಲ್ ಇಟ್ಟು ನೋಡಿದಾಗ ಒಡಲು 21.3 ಬಂದಿತು, ರೋಟರ್ ಸರಿಯಾಗಿ 23. ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವದ ಎರಕದಲ್ಲಿ ಒಂದು ಮಿಲಿಮೀಟರ್ ಕುಗ್ಗುವುದು ತಪ್ಪಲ್ಲ. ಮುಂಭಾಗದ ಗಾಜಿನ ಗುಳ್ಳೆಯಂಥ ಕ್ಯಾಬಿನ್ನನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎರಡು ಹೋಳುಗಳಾಗಿ ಕೊಟ್ಟಿದ್ದಾರೆ, ಹೋಳುಗಳು ಕೂಡುವ ಗೆರೆ ನಿಜವಾದ ಹೆಲಿಕಾಪ್ಟರಿನ ಚೌಕಟ್ಟಿನ ಪಟ್ಟಿಯ ಅಡಿಯಲ್ಲೇ ಬರುವಂತೆ ನೋಡಿಕೊಂಡಿದ್ದಾರೆ. ಇಷ್ಟು ಯೋಚಿಸಿ ಮಾಡಿದ ಕೆಲಸ ಇದಕ್ಕಿಂತ ಮೂರು ಪಟ್ಟು ಬೆಲೆಯ ವಿದೇಶಿ ಕಿಟ್‌ಗಳಲ್ಲೂ ನನಗೆ ಸದಾ ಕಂಡಿಲ್ಲ.

ಹಿಂಭಾಗದ ಬಾಲದ ವಿಷಯ ಬೇರೆ. ಚೀತಾದ ಬಾಲಕ್ಕೆ ತಗಡಿನ ಹೊದಿಕೆ ಇಲ್ಲ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಬಯಲು ಜಾಲರಿ ಅದು, ಹೈಟೆನ್ಷನ್ ಕಂಬವನ್ನು ಅಡ್ಡ ಮಲಗಿಸಿದಂತೆ ಕಾಣುತ್ತದೆ. ಕಿಟ್‌ನಲ್ಲಿ ಇದನ್ನು ಒಂದೇ ತುಂಡಾಗಿ ರೆಸಿನ್‌ನಲ್ಲಿ ಮುದ್ರಿಸಿದ್ದಾರೆ. ಒಂದೊಂದು ಕಡ್ಡಿಯೂ ಶ್ಯಾವಿಗೆಯ ಎಳೆಗಿಂತ ತುಸು ದಪ್ಪ ಅಷ್ಟೆ. ನೋಡಲು ಬಹಳ ಚೆಲುವು, ಮುಟ್ಟಿದರೆ ಪಟ್ಟನೆ ಮುರಿಯುವ ಚೆಲುವು. ನನಗೆ ಬಂದ ಪೆಟ್ಟಿಗೆಯಲ್ಲಿ ಅದು ಎರಡು ಕಡೆ ಮುರಿದೇ ಬಂದಿತ್ತು. ಪೆಟ್ಟಿಗೆಯೊಳಗೆ ಹತ್ತಿಯ ಬದಲು ದಿನಪತ್ರಿಕೆಯ ಉಂಡೆಗಳನ್ನು ತುರುಕಿದ್ದು ಇದಕ್ಕೆ ಕಾರಣ. ಚಿತ್ರ ತೆಗೆದು ಕಳಿಸಿದ ಒಂಬತ್ತನೆಯ ದಿನ ಹೊಸ ಬಾಲ ಬಂದಿತು, ಹಣ ಕೇಳಲಿಲ್ಲ, ವಾದವನ್ನೂ ಮಾಡಲಿಲ್ಲ. ಆದರೆ ಹೊಸ ಬಾಲವೂ ದಿನಪತ್ರಿಕೆಯ ಉಂಡೆಗಳ ನಡುವೆಯೇ ಬಂದಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು.

ಈ ಬಯಲು ಜಾಲರಿಯೇ ಇಡೀ ಹೆಲಿಕಾಪ್ಟರಿನ ಸ್ವಭಾವವನ್ನು ಹೇಳುತ್ತದೆ. ಚೀತಾ ಎಂಬುದು ಫ್ರಾನ್ಸಿನ ಎಸ್‌ಎ 315ಬಿ ಲಾಮಾ ಹೆಲಿಕಾಪ್ಟರಿಗೆ ನಮ್ಮವರು ಇಟ್ಟ ಹೆಸರು. 1968ರಲ್ಲಿ, ಬಿಸಿಲ ಬಯಲಿಗೂ ಹಿಮಾಲಯದ ಎತ್ತರಕ್ಕೂ ಆಗುವ ಹಗುರ ಹೆಲಿಕಾಪ್ಟರೊಂದು ಬೇಕೆಂದು ಭಾರತದ ಸೇನಾಪಡೆಗಳು ಮುಂದಿಟ್ಟ ಬೇಡಿಕೆಯಿಂದಲೇ ಅದು ಹುಟ್ಟಿತು. ಫ್ರೆಂಚರು ಹೊಸದಾಗಿ ಏನನ್ನೂ ಕಂಡುಹಿಡಿಯಲು ಹೋಗದೆ, ತಮ್ಮಲ್ಲಿದ್ದ ಅಲೂಯೆಟ್ 2ರ ಹಗುರವಾದ ಒಡಲನ್ನು ಗಟ್ಟಿಗೊಳಿಸಿ, ಅದಕ್ಕೆ ಅಲೂಯೆಟ್ 3ರ ದೊಡ್ಡ ಎಂಜಿನ್ನನ್ನೂ ರೋಟರನ್ನೂ ಕೂಡಿಸಿದರು. 1969ರ ಮಾರ್ಚ್ 17ರಂದು ಅದು ಮೊದಲು ಹಾರಿತು. ಅದೇ ವರ್ಷ ಹಿಮಾಲಯದಲ್ಲಿ ನಡೆದ ಪ್ರದರ್ಶನದಲ್ಲಿ ಇಬ್ಬರು ಚಾಲಕರನ್ನೂ 120 ಕಿಲೋ ಹೊರೆಯನ್ನೂ ಹೊತ್ತು 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿತು. ಆಮೇಲೆ ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ಅದನ್ನು ತಯಾರಿಸತೊಡಗಿತು. ಅಲ್ಲಿ ಸಿದ್ಧವಾದ ಮೊದಲ ಚೀತಾ ಹಾರಿದ್ದು 1972ರ ಅಕ್ಟೋಬರ್‌ನಲ್ಲಿ. ಫ್ರಾನ್ಸ್ ಲಾಮಾ ತಯಾರಿಕೆಯನ್ನು ನಿಲ್ಲಿಸಿದ ಮೇಲೂ ವಿಮಾನಪುರದ ಕಡೆ ಈ ಕೆಲಸ ನಡೆದೇ ಇತ್ತು. ಹಳೆಯ ಏರ್‌ಪೋರ್ಟ್ ರಸ್ತೆಯ ಆಸುಪಾಸಿನಲ್ಲಿ ಬೆಳೆದ ನನ್ನಂಥವರಿಗೆ ಚೀತಾದ ಕೀರಲು ಸದ್ದು ಎಚ್‌ಎಎಲ್ ಬಸ್ಸಿನ ಹಾರ್ನ್‌ನಷ್ಟೇ ಪರಿಚಿತ. ಈ ಕಿಟ್ ಕೊಳ್ಳಲು ಅದೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಪುಸ್ತಿಕೆಯ ಎರಡನೆಯ ಪುಟದಲ್ಲಿ ಚೀತಾವನ್ನು 'ಸಂಪೂರ್ಣ ಸ್ವದೇಶಿ ವಿನ್ಯಾಸ' ಎಂದು ಬರೆದಿದ್ದಾರೆ. ಇದು ತಪ್ಪು, ಮತ್ತು ಅನಗತ್ಯವಾದ ತಪ್ಪು. ಬೇಡಿಕೆ ನಮ್ಮದು, ವಿನ್ಯಾಸ ಅವರದು, ದಶಕಗಳ ತಯಾರಿಕೆ ಮತ್ತು ಬಳಕೆ ನಮ್ಮದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಯಾರ ಗೌರವವೂ ಕುಂದುತ್ತಿರಲಿಲ್ಲ.

ಎಂಜಿನ್ನಿನ ಭಾಗ ಈ ಕಿಟ್‌ನ ಅತ್ಯುತ್ತಮ ಅಂಶ. ಚೀತಾದ ಆರ್ಟೂಸ್ಟ್ 3ಬಿ ಎಂಜಿನ್ನಿಗೂ ಹೊದಿಕೆ ಇಲ್ಲ. ಕ್ಯಾಬಿನ್ನಿನ ಹಿಂದೆ, ಬೆನ್ನ ಮೇಲೆ, ಬಟಾಬಯಲಿನಲ್ಲಿ ಕೂತಿರುತ್ತದೆ. ಆದ್ದರಿಂದ ಮಾದರಿಯಲ್ಲಿ ಅದರ ಪ್ರತಿಯೊಂದು ಪೈಪೂ ಕಣ್ಣಿಗೆ ಬೀಳುತ್ತದೆ. ಹನ್ನೊಂದು ತುಂಡುಗಳಲ್ಲಿ ಕೊಟ್ಟಿರುವ ಈ ಎಂಜಿನ್ನನ್ನು ಜೋಡಿಸಲು ನನಗೆ ಎರಡು ಭಾನುವಾರಗಳು ಹಿಡಿದವು. ಗಾಳಿ ಒಳಗೆ ಹೋಗುವ ಬಾಯಿಯಿಂದ ಹೊಗೆ ಹೊರಬರುವ ಕೊಳವೆಯವರೆಗೆ ಭಾಗಗಳ ಕ್ರಮ ಸರಿಯಾಗಿದೆ. ಕೊಳವೆಯ ಬಾಯಿಯನ್ನು ಸಣ್ಣ ಡ್ರಿಲ್ಲಿನಿಂದ ಇನ್ನಷ್ಟು ಟೊಳ್ಳು ಮಾಡಿ, ಅಂಚಿಗೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಸುಟ್ಟ ಲೋಹದ ಬಣ್ಣ ತಾನಾಗಿ ಬರುತ್ತದೆ.

ಈ ಎಂಜಿನ್ನಿನ ಒಂದು ಸಂಗತಿಯನ್ನು ಪುಸ್ತಿಕೆ ಹೇಳಿಯೇ ಇಲ್ಲ, ಹೇಳಬೇಕಿತ್ತು. ಅದರ ನಿಜವಾದ ಸಾಮರ್ಥ್ಯ 870 ಅಶ್ವಶಕ್ತಿ. ಚೀತಾದಲ್ಲಿ ಅದನ್ನು 550ಕ್ಕೆ ಮಿತಿಗೊಳಿಸಿ ಬಳಸುತ್ತಾರೆ. ಇದ್ದ ಬಲವನ್ನು ಯಾಕೆ ಬಳಸುವುದಿಲ್ಲ ಎಂದು ಕೇಳಿದರೆ ಉತ್ತರ ಬೆಟ್ಟದ ಮೇಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, 6,000 ಮೀಟರಿನಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು, ಎಂಜಿನ್ನು ಉಸಿರಾಡುವ ಗಾಳಿಯೂ ಅಷ್ಟೇ ಕಡಿಮೆ. ಬಯಲಿನಲ್ಲಿ ಪೂರ್ತಿ ಬಲ ಬಳಸುವ ಎಂಜಿನ್ನು ಏರತೊಡಗಿದ ಕೂಡಲೇ ಬಲ ಕಳೆದುಕೊಳ್ಳುತ್ತ ಹೋಗುತ್ತದೆ. ಮೊದಲೇ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗವನ್ನು ಗಂಟು ಕಟ್ಟಿ ಇಟ್ಟುಕೊಂಡ ಎಂಜಿನ್ನು, ಆ ಗಂಟನ್ನು ಬಿಚ್ಚಿ ಖರ್ಚು ಮಾಡುತ್ತ, ಬಹಳ ಎತ್ತರದವರೆಗೆ ತನ್ನ 550ನ್ನು ಉಳಿಸಿಕೊಳ್ಳುತ್ತದೆ. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಫ್ರೆಂಚ್ ಪೈಲಟ್ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ವಿಶ್ವದಾಖಲೆ ಬರೆದದ್ದು ಇದೇ ಎಂಜಿನ್ನಿನ ಬಲದಿಂದ. ಅಲ್ಲಿಂದ ಇಳಿಯುವಾಗ ಎಂಜಿನ್ನು ಆರಿಹೋಯಿತು. ಮೇಲಿನಿಂದ ಕೆಳಗಿನವರೆಗೆ ಅವರು ಗಾಳಿಗೆ ತಾನೇ ತಿರುಗುವ ರೋಟರನ್ನು ನಂಬಿಕೊಂಡು ಇಳಿದರು, ಬೆಂಗಳೂರಿನ ರಸ್ತೆಬದಿಯ ಮಹಾಗನಿ ಮರದಿಂದ ಬೇಸಿಗೆಯಲ್ಲಿ ಬೀಜಗಳು ಸುತ್ತುತ್ತ ಇಳಿಯುತ್ತವಲ್ಲ, ಹಾಗೆ.

ರೋಟರಿನ ವಿಷಯದಲ್ಲಿ ಸೂಚನಾಪತ್ರವನ್ನು ನಂಬಬೇಡಿ. ಫ್ರೆಂಚ್ ಮೂಲದ ಹೆಲಿಕಾಪ್ಟರುಗಳ ರೋಟರ್, ಮೇಲಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕು ಎಂದುಕೊಂಡರೆ ಮರೆಯುವುದಿಲ್ಲ. ಅಮೆರಿಕದವುಗಳದ್ದು ಅದಕ್ಕೆ ವಿರುದ್ಧ. ಸೂಚನಾಪತ್ರದ ಏಳನೆಯ ಚಿತ್ರದಲ್ಲಿ ರೆಕ್ಕೆಗಳ ದುಂಡನೆಯ ಅಂಚನ್ನು ಅಪ್ರದಕ್ಷಿಣೆಯ ಕಡೆಗೆ ತೋರಿಸಿದ್ದಾರೆ. ಹಾಗೆ ಜೋಡಿಸಿದ ಹೆಲಿಕಾಪ್ಟರ್ ಗಾಳಿಯನ್ನು ಚೂಪು ಅಂಚಿನಿಂದ ಸೀಳಲು ಹೊರಟ ಹಾಗಾಗುತ್ತದೆ, ನೆಲ ಬಿಡುವುದಿಲ್ಲ. ಅದೃಷ್ಟಕ್ಕೆ ರೆಕ್ಕೆಗಳನ್ನು ಬೇರೆ ಬೇರೆಯಾಗಿ ಕೊಟ್ಟಿರುವುದರಿಂದ ತಿರುಗಿಸಿ ಅಂಟಿಸಬಹುದು. ಇನ್ನೊಂದು: ನಿಂತ ಹೆಲಿಕಾಪ್ಟರಿನ ರೆಕ್ಕೆಗಳು ತಮ್ಮ ಭಾರಕ್ಕೆ ತಾವೇ ತುದಿಯಲ್ಲಿ ಬಾಗಿರುತ್ತವೆ, ಕಿಟ್‌ನಲ್ಲಿ ಅವು ಅಡ್ಡಪಟ್ಟಿಯಂತೆ ನೆಟ್ಟಗಿವೆ. ಕಾಫಿ ಲೋಟದಷ್ಟು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು, ತಣ್ಣಗಾಗುವವರೆಗೆ ಬೆರಳಿನಿಂದ ನಯವಾಗಿ ಒತ್ತಿ ಹಿಡಿದರೆ ಬೇಕಾದ ಬಾಗು ಬರುತ್ತದೆ.

ಇನ್ನು ಇತಿಹಾಸದ ಪುಸ್ತಿಕೆಗೆ ಬರೋಣ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ '114 ಸ್ಕ್ವಾಡ್ರನ್' ಎಂದು ಮುದ್ರಿಸಿದ್ದಾರೆ. ಯುದ್ಧವಿಮಾನಗಳ ದಳಗಳಿಗೆ ಸ್ಕ್ವಾಡ್ರನ್ ಎನ್ನುವ ನಮ್ಮ ವಾಯುಸೇನೆ ಈ ದಳಗಳನ್ನು ಕರೆಯುವುದು ಹೆಲಿಕಾಪ್ಟರ್ ಯೂನಿಟ್ ಎಂದು. ಈ ದಳದ ಹೆಸರು 114 ಹೆಲಿಕಾಪ್ಟರ್ ಯೂನಿಟ್, ಬಿರುದು 'ಸಿಯಾಚಿನ್ ಪಯೊನಿಯರ್ಸ್'. ಒಳಗಿನ ಡೆಕಾಲ್‌ನಲ್ಲಿ ಸರಿಯಾಗಿರುವುದು ಪೆಟ್ಟಿಗೆಯ ಮೇಲೆ ಯಾಕೆ ತಪ್ಪಿತೋ ತಿಳಿಯದು. ವಾಯುಸೇನೆಗೆ ಮೊದಲ ಹೆಲಿಕಾಪ್ಟರ್ ಬಂದದ್ದು 1954ರಲ್ಲಿ, ಅದು ಅಮೆರಿಕದ ಸಿಕೋರ್ಸ್ಕಿ ಎಸ್-55. 1962ರ ಚೀನಾ ಯುದ್ಧದಲ್ಲಿ ರಸ್ತೆಯಿಲ್ಲದ ಬೆಟ್ಟಗಳಲ್ಲಿ ಗಾಯಾಳುಗಳನ್ನು ಇಳಿಸಲು ಹೆಲಿಕಾಪ್ಟರ್ ಬಿಟ್ಟರೆ ಗತಿಯಿಲ್ಲವೆಂಬುದು ಎಲ್ಲರಿಗೂ ಮನದಟ್ಟಾಯಿತು, ಆ ನಂತರದ ವರ್ಷಗಳಲ್ಲಿ ಒಂದರ ಹಿಂದೊಂದು ಯೂನಿಟ್‌ಗಳು ಕಟ್ಟಲ್ಪಟ್ಟವು. 114 ಯೂನಿಟ್ ಹುಟ್ಟಿದ್ದು 1964ರಲ್ಲಿ. ಈ ಭಾಗವನ್ನು ಪುಸ್ತಿಕೆ ಒಂದೂವರೆ ಪುಟದಲ್ಲಿ ಮುಗಿಸಿದೆ, ಅಷ್ಟು ಸಾಕು.

ಮೂರನೆಯ ಪುಟದಲ್ಲಿ ಮತ್ತೊಂದು ತಪ್ಪು. '1978ರಲ್ಲಿ ಚೀತಾ ಮೊದಲ ಬಾರಿಗೆ ಸಿಯಾಚಿನ್ ಮೇಲೆ ಇಳಿಯಿತು' ಎಂದಿದ್ದಾರೆ. 1978ರ ಅಕ್ಟೋಬರ್‌ನಲ್ಲಿ ಹಿಮನದಿಯ ಮೇಲೆ ಇಳಿದ ವಾಯುಸೇನೆಯ ಮೊದಲ ಹೆಲಿಕಾಪ್ಟರ್ ಚೇತಕ್, ಚೀತಾ ಅಲ್ಲ. ಚೇತಕ್ ಎಂದರೆ ಅಲೂಯೆಟ್ 3. ಅದನ್ನೂ ಬೆಂಗಳೂರಿನಲ್ಲಿಯೇ ತಯಾರಿಸಲಾಗುತ್ತಿತ್ತು. ಕನ್ನಡದಲ್ಲಿ ಬರೆದಾಗ ಎರಡು ಹೆಸರುಗಳೂ ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ಕಣ್ತಪ್ಪು ಸಹಜವಾದರೂ, ಯಂತ್ರಗಳನ್ನು ಅಕ್ಕಪಕ್ಕ ಇಟ್ಟರೆ ಮಗುವೂ ಗುರುತಿಸಬಲ್ಲದು: ಒಂದಕ್ಕೆ ಮುಚ್ಚಿದ ಬಾಲ ಮತ್ತು ಗಾಲಿಗಳು, ಇನ್ನೊಂದಕ್ಕೆ ಜಾಲರಿಯ ಬಾಲ ಮತ್ತು ಜಾರುಪಟ್ಟಿ. ಕರ್ನಲ್ ನರೇಂದ್ರ ಕುಮಾರ್ ಅವರ ನೇತೃತ್ವದಲ್ಲಿ ಸೇನೆಯ ಪರ್ವತಾರೋಹಿಗಳು ಹಿಮನದಿಯನ್ನು ಹತ್ತಲು ಹೊರಟದ್ದು ಅದೇ ವರ್ಷ. ಎಪ್ಪತ್ತಾರು ಕಿಲೋಮೀಟರ್ ಉದ್ದದ ಆ ಮಂಜಿನ ನದಿ ಯಾರ ಕಡೆ ಸೇರಿದ್ದೆಂಬ ಪ್ರಶ್ನೆ ನಕಾಶೆಗಳ ಮೇಲಿನಿಂದ ನೆಲಕ್ಕಿಳಿದದ್ದೂ ಆ ಕಾಲದಲ್ಲಿಯೇ.

ಪುಸ್ತಿಕೆಯ ತಿರುಳು 1984ರ ಏಪ್ರಿಲ್ 13. ಸಿಯಾಚಿನ್ ಹಿಮನದಿಯನ್ನು ಕೈವಶ ಮಾಡಿಕೊಳ್ಳುವ ಆಪರೇಷನ್ ಮೇಘದೂತ್ ಆರಂಭವಾದ ಆ ಬೆಳಿಗ್ಗೆ, ಬೈಸಾಖಿ ಹಬ್ಬದ ದಿನ, ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ಮುಂದಾಳುತನದಲ್ಲಿ 4 ಕುಮಾವ್ ರೆಜಿಮೆಂಟಿನ ಒಂದು ಪ್ಲಟೂನನ್ನು ಚೀತಾಗಳು ಬಿಲಾಫೊಂಡ್ ಲಾ ಬಳಿ ಇಳಿಸಿದವು. ನಾಲ್ಕು ದಿನಗಳ ನಂತರ ಸಿಯಾ ಲಾ ಕೂಡ ಹೀಗೆಯೇ ಕೈಸೇರಿತು. ಸಾಲ್ತೊರೊ ಬೆಟ್ಟಸಾಲಿನ ಆ ಕಣಿವೆಬಾಯಿಗಳನ್ನು ಎದುರಾಳಿ ಪಾಕಿಸ್ತಾನಕ್ಕಿಂತ ಮುಂಚೆ ತಲುಪುವುದೇ ಇಡೀ ಯೋಜನೆಯ ಗುರಿಯಾಗಿತ್ತು. ನಡೆದು ಹೋಗಿದ್ದರೆ ವಾರಗಳು ಹಿಡಿಯುತ್ತಿದ್ದವು. ಈ ಭಾಗವನ್ನು ಪುಸ್ತಿಕೆಯ ಲೇಖಕರು ಆವೇಶದಿಂದ ಬರೆದಿದ್ದಾರೆ, ಗುಡುಗು ಸಿಡಿಲು ಎಲ್ಲವೂ ಇವೆ. ಆದರೆ ಅವರೇ ಕೊಟ್ಟಿರುವ ಎರಡು ಅಂಕಿಗಳ ಮುಂದೆ ಅವರು ಒಂದು ಕ್ಷಣವೂ ನಿಂತಿಲ್ಲ: 29 ಜನರನ್ನು ಇಳಿಸಲು 17 ಸುತ್ತು ಹಾರಾಟ. ಅಂದರೆ ಒಂದು ಸುತ್ತಿಗೆ ಸರಾಸರಿ ಇಬ್ಬರೂ ಇಲ್ಲ. ಚಾಲಕನಲ್ಲದೆ ನಾಲ್ವರು ಕೂರಬಹುದಾದ ಹೆಲಿಕಾಪ್ಟರ್ ಇದು.

ನನ್ನ ತಕರಾರಿನ ಬೇರು ಇರುವುದು ಇಲ್ಲಿ. ಪೆಟ್ಟಿಗೆಯ ಮುಖಚಿತ್ರದಲ್ಲಿ, ಹಿಮಶಿಖರವೊಂದರ ನೆತ್ತಿಯ ಮೇಲೆ ನಿಂತ ಹೊಳೆಯುವ ಚೀತಾದಿಂದ ಬೆನ್ನಿಗೆ ತುಂಬಿದ ಚೀಲ ಹೊತ್ತ ನಾಲ್ವರು ಜವಾನರು ಧುಮುಕುತ್ತಿದ್ದಾರೆ. ಒಳಗಿನ ಕಿಟ್ ಕೂಡ ಆ ಚಿತ್ರಕ್ಕೆ ನಿಷ್ಠವಾಗಿದೆ: ಐದು ಆಸನಗಳು, ಎಲ್ಲ ಬಾಗಿಲುಗಳು, ಆಸನದ ಮೆತ್ತೆಯ ಹೊಲಿಗೆಯವರೆಗೆ ಎಲ್ಲವೂ ಇವೆ. ಸಿಯಾಚಿನ್‌ನಲ್ಲಿ ಹಾರಿದ ಚೀತಾ ಹಾಗಿರಲಿಲ್ಲ. ಅದರ ಚರಿತ್ರೆ ಏನನ್ನು ಸೇರಿಸಿದರು ಎಂಬುದರಲ್ಲಿಲ್ಲ, ಏನೇನನ್ನು ಕಳಚಿಟ್ಟರು ಎಂಬುದರಲ್ಲಿದೆ.

ಲೆಕ್ಕ ಮಾಡಿ ನೋಡಿ. ಖಾಲಿ ಚೀತಾದ ತೂಕ 1,021 ಕಿಲೋ. ಹೊರೆಯನ್ನು ಒಳಗಿಟ್ಟುಕೊಂಡು ಅದು ಏರಬಹುದಾದ ಗರಿಷ್ಠ ತೂಕ 1,950 ಕಿಲೋ. ನಡುವಿನ ಅಂತರ 929 ಕಿಲೋ. ಕೈತುಂಬ ಇದ್ದಂತೆ ಕಾಣುತ್ತದೆ. 575 ಲೀಟರಿನ ಟ್ಯಾಂಕು ತುಂಬಿಸಿದರೆ ಅದರಲ್ಲಿ ಅರ್ಧದಷ್ಟು ಇಂಧನಕ್ಕೇ ಹೋಯಿತು. ಇಬ್ಬರು ಚಾಲಕರು ದಪ್ಪ ಚಳಿಯುಡುಪು ತೊಟ್ಟು ಕೂತರು. ಅಷ್ಟೂ ಬಯಲಿನ ಲೆಕ್ಕ. ಗಾಳಿ ಅರ್ಧವಾಗುವ ಜಾಗದಲ್ಲಿ ಆ 1,950 ಎಂಬ ಅಂಕಿಯೇ ಕರಗುತ್ತ ಬರುತ್ತದೆ, ಬಿಸಿಲೇರಿದಂತೆ ಇನ್ನೂ ಕರಗುತ್ತದೆ. ಆದ್ದರಿಂದ ಅಲ್ಲಿನ ಪೈಲಟ್‌ಗಳು ಬೆಳಗಿನ ಚಳಿಯ ಹೊತ್ತಿನಲ್ಲಿ ಹಾರುತ್ತಾರೆ, ಹೋಗಿ ಬರಲು ಬೇಕಾದಷ್ಟೇ ಇಂಧನ ಹಾಕಿಕೊಳ್ಳುತ್ತಾರೆ, ಅನಿವಾರ್ಯವಲ್ಲದ ಆಸನ, ಬಾಗಿಲು, ಸಲಕರಣೆಗಳನ್ನು ಬಿಚ್ಚಿಡುತ್ತಾರೆ. ಇಷ್ಟು ಕಳೆದ ಮೇಲೆ ಅತಿ ಎತ್ತರದ ಠಾಣೆಗಳಿಗೆ ಒಂದು ಸುತ್ತಿನಲ್ಲಿ ಒಯ್ಯಲು ಉಳಿಯುವುದು ಒಂದೆರಡು ಜೆರ್ರಿಕ್ಯಾನ್ ಸೀಮೆಎಣ್ಣೆಯಷ್ಟು ಹೊರೆ. ಆ ಸೀಮೆಎಣ್ಣೆಯಿಂದಲೇ ಮೇಲಿನವರು ಮಂಜನ್ನು ಕರಗಿಸಿ ನೀರು ಮಾಡಿಕೊಳ್ಳಬೇಕು, ಅಡುಗೆ ಮಾಡಬೇಕು, ಗುಡಾರವನ್ನು ಬೆಚ್ಚಗಿಡಬೇಕು.

ಎರಡೆರಡು ಹೆಲಿಕಾಪ್ಟರುಗಳು ಜೋಡಿಯಾಗಿ ಹಾರುವುದು ಅಲ್ಲಿನ ಪದ್ಧತಿ. ಒಂದಕ್ಕೆ ಏನಾದರೂ ಆದರೆ ಇನ್ನೊಂದು ನೋಡುತ್ತಿರಬೇಕು. ಠಾಣೆಯ ಮೇಲೆ ಇಳಿದಾಗ ಎಂಜಿನ್ ನಿಲ್ಲಿಸುವುದಿಲ್ಲ. ಜಾರುಪಟ್ಟಿ ಮಂಜಿಗೆ ತಾಗಿದ್ದೇ ತಡ, ಮೇಲಿನವರು ಬಗ್ಗಿ ಓಡಿಬಂದು ಡಬ್ಬ ಇಳಿಸಿಕೊಂಡು, ಕಾಗದಪತ್ರದ ಚೀಲವನ್ನೋ ಕಾಯಿಲೆಯವನನ್ನೋ ಹತ್ತಿಸಿ ಹಿಂದೆ ಸರಿಯುತ್ತಾರೆ. 2003ರ ನವೆಂಬರ್‌ನಲ್ಲಿ ಕದನವಿರಾಮ ಬರುವವರೆಗೆ ಈ ಒಂದು ನಿಮಿಷದೊಳಗಿನ ಕೆಲಸ ಎದುರುಗಡೆಯ ಗುಂಡಿನ ಅಳವಿನಲ್ಲಿಯೇ ನಡೆಯಬೇಕಾಗಿತ್ತು. ಅಂಥ ಯಂತ್ರದ ಮಾದರಿಯಲ್ಲಿ ಮೆತ್ತೆಯ ಹೊಲಿಗೆಯನ್ನು ಕೆತ್ತಿದವರು, ಬಾಗಿಲಿಲ್ಲದ ಚೌಕಟ್ಟನ್ನೂ ಬರಿಯ ನೆಲಹಾಸನ್ನೂ ಐಚ್ಛಿಕ ಭಾಗವಾಗಿ ಕೊಡದೆ ಹೋದದ್ದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ನಾನು ಹಿಂದಿನ ಮೂರು ಆಸನಗಳನ್ನು ಅಂಟಿಸಲೇ ಇಲ್ಲ. ಬಾಗಿಲುಗಳನ್ನು ಬಿಟ್ಟಾಗ ಕಾಣುವ ಕೀಲುಗಳ ಗುರುತನ್ನು ತೆಳುವಾದ ತಾಮ್ರದ ತಂತಿಯಿಂದ ಮಾಡಿಕೊಂಡೆ. ನೆಲದ ಮೇಲೆ ತೀಕ್ಷ್ಣವಾಗಿ ಕತ್ತರಿಸಿದ ಪ್ಲಾಸ್ಟಿಕ್ ತುಂಡುಗಳಿಂದ ಎರಡು ಜೆರ್ರಿಕ್ಯಾನ್ ಮಾಡಿ ದಾರದಿಂದ ಬಿಗಿದೆ; 1:48ರಲ್ಲಿ ಒಂದೊಂದೂ ಒಂದು ಸೆಂಟಿಮೀಟರ್ ಎತ್ತರ, ತೊಗರಿಬೇಳೆಯ ಎರಡು ಕಾಳು ಒಂದರ ಮೇಲೊಂದು ನಿಲ್ಲಿಸಿದಷ್ಟು.

1987ರ ಭಾಗ ಪುಸ್ತಿಕೆಯಲ್ಲಿ ಚೆನ್ನಾಗಿದೆ. 21,153 ಅಡಿ ಎತ್ತರದ, ಪಾಕಿಸ್ತಾನದ ಕೈಯಲ್ಲಿದ್ದ ಕಾಯದ್ ಠಾಣೆಯನ್ನು ಜೂನ್ 26ರಂದು ನಾಯಬ್ ಸುಬೇದಾರ್ ಬಾನಾ ಸಿಂಗ್ ಮತ್ತು ಸಂಗಡಿಗರು ವಶಪಡಿಸಿಕೊಂಡದ್ದು, ಬಾನಾ ಸಿಂಗ್ ಅವರಿಗೆ ಪರಮವೀರ ಚಕ್ರ ಬಂದದ್ದು ಎಲ್ಲರಿಗೂ ಗೊತ್ತು. ಆ ದಾಳಿಗೆ ಬೇಕಾದ ಜನರನ್ನೂ ಸಾಮಾನನ್ನೂ ಬುಡಕ್ಕೆ ಸೇರಿಸಲು ಚೀತಾಗಳು ಒಬ್ಬಿಬ್ಬರಂತೆ, ಸುತ್ತಿನ ಮೇಲೆ ಸುತ್ತು ಹಾರಿದ್ದನ್ನು ಪುಸ್ತಿಕೆ ಸರಳವಾಗಿ, ವಿಶೇಷಣಗಳಿಲ್ಲದೆ ಹೇಳಿದೆ. ಇಡೀ ಪುಸ್ತಿಕೆ ಈ ಧಾಟಿಯಲ್ಲಿರಬೇಕಿತ್ತು. ಆದರೆ ಹಿಮನದಿಯ ಮೇಲಿನ ಎಲ್ಲ ಹಾರಾಟದ ಹೊಣೆಯನ್ನೂ ಒಂದೇ ಯೂನಿಟ್ಟಿನ ಖಾತೆಗೆ ಬರೆದದ್ದು ನ್ಯಾಯವಲ್ಲ. ಭೂಸೇನೆಯ ವಿಮಾನಯಾನ ವಿಭಾಗದ ಚೀತಾಗಳು ಅದೇ ಕಣಿವೆಗಳಲ್ಲಿ, ಅದೇ ಠಾಣೆಗಳಿಗೆ ಹಾರಿವೆ. ಕೆಳಗಿನ ಎತ್ತರಗಳಿಗೆ ಭಾರವಾದ ಸಾಮಾನು ಹಾಕಿದ್ದು ವಾಯುಸೇನೆಯ ಎಂಐ-8 ಮತ್ತು ಎಂಐ-17 ಹೆಲಿಕಾಪ್ಟರುಗಳು. 2010ರ ಆಗಸ್ಟ್‌ನಲ್ಲಿ ಲೇಹ್ ಪಟ್ಟಣದ ಹಲವು ಭಾಗಗಳನ್ನು ಮೇಘಸ್ಫೋಟದ ಪ್ರವಾಹ ನುಗ್ಗಿ ನೆಲಸಮ ಮಾಡಿದಾಗಿನ ಪರಿಹಾರಕಾರ್ಯಕ್ಕೆ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ. ಆ ಊರಿನ ಯೂನಿಟ್ಟಿನ ಚರಿತ್ರೆ ಬರೆಯುವವರು ಊರನ್ನು ಮರೆಯಬಾರದಿತ್ತು.

ಕೊನೆಯ ಪುಟದಲ್ಲಿ 2016ರ ಫೆಬ್ರವರಿಯ ಪ್ರಸ್ತಾಪವಿದೆ. ಕನ್ನಡ ಓದುಗರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಫೆಬ್ರವರಿ 3ರಂದು 19 ಮದ್ರಾಸ್ ರೆಜಿಮೆಂಟಿನ ಹತ್ತು ಜನರ ಠಾಣೆಯ ಮೇಲೆ ಹಿಮಗೋಡೆ ಕುಸಿಯಿತು; ಕೊರೆಯುವ ಯಂತ್ರ, ಗರಗಸ, ರಾಡಾರ್, ನಾಯಿಗಳನ್ನು ಬಳಸಿ, ಹತ್ತೊಂಬತ್ತು ಸಾವಿರ ಅಡಿಗಿಂತ ಮೇಲಿನ ಆ ಜಾಗದಲ್ಲಿ ಹಗಲು ರಾತ್ರಿ ಅಗೆದ ಮೇಲೆ, 8ರಂದು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಮರುದಿನ ಹೆಲಿಕಾಪ್ಟರಿನಲ್ಲಿ ಅವರನ್ನು ಕೆಳಗಿಳಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಒಯ್ದರು. 11ರಂದು ಅವರು ತೀರಿಕೊಂಡರು. ಆ ಮೂರು ದಿನ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಟಿವಿಯ ಸದ್ದು ಕಡಿಮೆ ಮಾಡಲು ಯಾರೂ ಹೇಳಿರಲಿಲ್ಲ. ಪುಸ್ತಿಕೆ ಇದನ್ನು ನಾಲ್ಕು ಸಾಲಿನಲ್ಲಿ ಹೇಳಿ ನಿಲ್ಲಿಸಿದೆ. ಹೆಚ್ಚು ಹೇಳದಿರುವ ಸಂಯಮವನ್ನು ಮೆಚ್ಚಿದೆ. ಆದರೆ 'ಕರ್ನಾಟಕದ ಹನುಮಂತಪ್ಪ' ಎಂದಷ್ಟೇ ಬರೆದಿದ್ದಾರೆ. ಊರಿನ ಹೆಸರು ಬರೆಯಲು ಜಾಗವಿತ್ತು.

ಡೆಕಾಲ್ ಹಾಳೆಯ ಗುಣಮಟ್ಟ ಮಧ್ಯಮ. ವಾಯುಸೇನೆಯ ವೃತ್ತಲಾಂಛನದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಎಂಬ ಕ್ರಮ ಸರಿಯಿದೆ. ನನ್ನ ಹಾಳೆಯಲ್ಲಿ ಹಸಿರು ಬೊಟ್ಟು ಎಡಕ್ಕೆ ಎಳ್ಳಿನ ಕಾಳಿನಷ್ಟು ಸರಿದಿತ್ತು. ಆರು ಲಾಂಛನಗಳಲ್ಲಿ ಒಳ್ಳೆಯದಿದ್ದ ನಾಲ್ಕನ್ನು ಆರಿಸಿಕೊಂಡೆ. ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬಿಟ್ಟರೆ ಅಕ್ಷರಗಳು ಸುರುಳಿ ಸುತ್ತಿಕೊಳ್ಳುತ್ತವೆ. ಯೂನಿಟ್ಟಿನ ಲಾಂಛನವನ್ನು ಕೊಟ್ಟಿಲ್ಲ, ಬಿರುದನ್ನು ಮಾತ್ರ ಅಕ್ಷರಗಳಲ್ಲಿ ಕೊಟ್ಟಿದ್ದಾರೆ. ಬಾಲದ ಜಾಲರಿಗೆ ಬಣ್ಣ ಬಳಿಯುವವರು ಬ್ರಷ್ ಬಿಟ್ಟು ಸ್ಪ್ರೇ ಬಳಸುವುದು ಒಳ್ಳೆಯದು, ಅದೂ ಒಡಲಿಗೆ ಅಂಟಿಸುವ ಮುಂಚೆ.

ಅಂಟಿಸುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಒಡಲಿಗೂ ಬಾಲಕ್ಕೂ ನಡುವೆ ನಾಲ್ಕು ಸೂಜಿಮೊನೆಯಂಥ ಸಂಪರ್ಕಗಳಿವೆ, ಬರಿಯ ಅಂಟು ಆ ಭಾರವನ್ನು ತಡೆಯುವುದಿಲ್ಲ. ಕೆಳಗಿನ ಎರಡು ಕೊಳವೆಗಳಲ್ಲಿ ಅರ್ಧ ಮಿಲಿಮೀಟರ್ ತೂತು ಕೊರೆದು, ಗುಂಡುಸೂಜಿಯ ತುಂಡುಗಳನ್ನು ಒಳಗೆ ತೂರಿಸಿ ಕೂಡಿಸಿದ ಮೇಲೆ ನನ್ನದು ಗಟ್ಟಿಯಾಗಿ ನಿಂತಿದೆ.

ಚೀತಾಕ್ಕೆ ವಯಸ್ಸಾಗಿದೆ. ಎಚ್‌ಎಎಲ್ ಅದಕ್ಕೆ ಹೊಸ ಎಂಜಿನ್ ಹಾಕಿ ಚೀತಲ್ ಎಂದು ಹೆಸರಿಟ್ಟ ರೂಪ 2004ರ ನವೆಂಬರ್‌ನಲ್ಲಿ ಸಾಸೆರ್ ಕಾಂಗ್ರಿಯಲ್ಲಿ ಬಹಳ ಎತ್ತರದಲ್ಲಿ ಇಳಿದು ತೋರಿಸಿತು. ಅದರ ಮುಂದಿನ ತಲೆಮಾರಿಗೆಂದು ರೂಪಿಸಿದ ಹಗುರ ಬಳಕೆಯ ಹೆಲಿಕಾಪ್ಟರ್ 2020ರಲ್ಲಿ ಸಿಯಾಚಿನ್‌ನಲ್ಲಿ ಪರೀಕ್ಷೆಗೆ ಒಳಗಾಯಿತು. ಅದನ್ನು ತಯಾರಿಸಲು ಕಟ್ಟಿದ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ. ನಾಟಕ ಕಂಪನಿಯಿಂದ ಹೆಸರಾದ ಗುಬ್ಬಿ ಇನ್ನು ಮುಂದೆ ಹಾರುವ ಯಂತ್ರದಿಂದಲೂ ಹೆಸರಾಗಬಹುದು, ಹೆಸರೂ ಹೊಂದುತ್ತದೆ. ಈ ಕಿಟ್ ಮಾಡಿದವರು ಮುಂದೆ ಅದರ ಮಾದರಿಯನ್ನು ತರಲಿದ್ದೇವೆಂದು ಪುಸ್ತಿಕೆಯ ಹಿಂಬದಿಯಲ್ಲಿ ಮುದ್ರಿಸಿದ್ದಾರೆ.

ಮೊದಲ ಬಾರಿಗೆ ಮಾದರಿ ಜೋಡಿಸಲು ಕೂರುವವರಿಗೆ, ಮಕ್ಕಳಿಗೆ ಉಡುಗೊರೆ ಕೊಡಬೇಕೆಂದಿರುವವರಿಗೆ ಇದನ್ನು ಶಿಫಾರಸು ಮಾಡಲಾರೆ. ಬಾಲದ ಜಾಲರಿಯೇ ಅವರ ಉತ್ಸಾಹವನ್ನು ಮುರಿದುಬಿಡುತ್ತದೆ. ನಾಲ್ಕಾರು ಕಿಟ್ ಜೋಡಿಸಿ ಕೈ ಪಳಗಿದವರಿಗೆ, ಅದರಲ್ಲೂ ಭಾರತೀಯ ಗುರುತುಗಳ ಚೀತಾ ಬೇಕೆನ್ನುವವರಿಗೆ, 3,850 ರೂಪಾಯಿ ಹೆಚ್ಚಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ: ಎಂಜಿನ್ನಿಗೆ ಪೂರ್ತಿ ಅಂಕ, ರೋಟರಿನ ಚಿತ್ರಕ್ಕೆ ಮತ್ತು ಪೆಟ್ಟಿಗೆ ಕಟ್ಟುವ ಕ್ರಮಕ್ಕೆ ಕಡಿತ. ಪುಸ್ತಿಕೆಯ ತಪ್ಪುಗಳನ್ನು ಪಟ್ಟಿ ಮಾಡಿ ತಯಾರಕರಿಗೆ ಕಳಿಸಿದ್ದೆ. ಎರಡನೆಯ ಮುದ್ರಣದಲ್ಲಿ ತಿದ್ದುತ್ತೇವೆ, ಬಾಗಿಲಿಲ್ಲದ ರೂಪಕ್ಕೆ ಬೇಕಾದ ಭಾಗಗಳನ್ನೂ ಸೇರಿಸಲು ನೋಡುತ್ತೇವೆ ಎಂದು ಉತ್ತರ ಬಂದಿದೆ. ನನ್ನ ಪೆಟ್ಟಿಗೆಯಲ್ಲಿ ಸದ್ಯ ಮೂರು ಆಸನಗಳೂ ಬಾಗಿಲುಗಳೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಉಳಿದಿವೆ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.